ಜೂನ್ 16: ಸೊವೆಟೊ ಮಕ್ಕಳ ಹೋರಾಟವನ್ನು ನಮ್ಮ ಕರಾವಳಿಯ ಶಾಲೆಗಳಲ್ಲಿ ಹೇಗೆ ನೆನೆಯಬೇಕು?

ಉಡುಪಿಯ ಸಮಾಜ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಈ ವರ್ಷ ಜೂನ್ 16ರಂದು ನಮ್ಮ ಶಾಲೆಯಲ್ಲಿ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಬಳಿ ಕಪ್ಪು ಜನರನ್ನು ಬೇರೆಯಾಗಿ ಇರಿಸಿದ್ದ ಸೊವೆಟೊ ಬಡಾವಣೆಯ ವಿದ್ಯಾರ್ಥಿಗಳನ್ನು ನೆನೆಯುವ ಕಾರ್ಯಕ್ರಮವೊಂದನ್ನು ನಡೆಸಬೇಕೆಂದಿದ್ದೇವೆ. ಅದರ ಸ್ವರೂಪ ಹೇಗಿರಬೇಕೆಂದು ನಿಮ್ಮೆಲ್ಲರ ಅಭಿಪ್ರಾಯ ಕೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆಯನ್ನು ಸ್ವಲ್ಪ ಹೇಳುತ್ತೇನೆ. ವರ್ಣಭೇದದ ಸರ್ಕಾರವು 1953ರಲ್ಲಿ ಬಾಂಟು ಶಿಕ್ಷಣ ಕಾಯ್ದೆಯನ್ನು ತಂದು, ಕಪ್ಪು ಮಕ್ಕಳಿಗೆ ಬಿಳಿಯರ ಮನೆ, ಗಣಿ, ತೋಟಗಳಲ್ಲಿ ದುಡಿಯುವುದಕ್ಕೆ ಬೇಕಾದಷ್ಟೇ ಓದು ಸಾಕೆಂಬ ನೀತಿಯನ್ನು ಜಾರಿಗೊಳಿಸಿತು. ಎಪ್ಪತ್ತರ ದಶಕದ ನಡುವೆ ಒಬ್ಬ ಬಿಳಿಯ ವಿದ್ಯಾರ್ಥಿಗೆ ವರ್ಷಕ್ಕೆ 644 ರ‍್ಯಾಂಡ್ ಖರ್ಚು ಮಾಡುತ್ತಿದ್ದ ಸರ್ಕಾರ ಒಬ್ಬ ಕಪ್ಪು ವಿದ್ಯಾರ್ಥಿಗೆ ಖರ್ಚು ಮಾಡುತ್ತಿದ್ದುದು 42 ರ‍್ಯಾಂಡ್. ಇದರ ಮೇಲೆ 1974ರಲ್ಲಿ ಗಣಿತ, ಸಮಾಜ ವಿಜ್ಞಾನಗಳನ್ನು ಆಳುವ ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲೇ ಕಲಿಸಬೇಕೆಂಬ ಆದೇಶ ಬಂತು. ಮಕ್ಕಳಿಗಷ್ಟೇ ಅಲ್ಲ, ಕಲಿಸಬೇಕಾದ ಅನೇಕ ಶಿಕ್ಷಕರಿಗೂ ಆ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಆರ್ಲ್ಯಾಂಡೊ ವೆಸ್ಟ್ ಶಾಲೆಯ ಮಕ್ಕಳು ವಾರಗಳ ಕಾಲ ತರಗತಿ ಬಹಿಷ್ಕರಿಸಿದರೂ ಯಾರೂ ಕಿವಿಗೊಡಲಿಲ್ಲ. 1976ರ ಜೂನ್ 13ರಂದು ವಿದ್ಯಾರ್ಥಿಗಳೇ ಸಭೆ ಸೇರಿ ಕ್ರಿಯಾ ಸಮಿತಿಯೊಂದನ್ನು ಕಟ್ಟಿಕೊಂಡರು. ಅವರ ಮುಂದಾಳುಗಳಲ್ಲಿ ಒಬ್ಬನಾದ ತ್ಸಿಯೆತ್ಸಿ ಮಷಿನಿನಿಗೆ ಆಗ 19 ವರ್ಷ. ಮೂರು ದಿನಗಳ ಬಳಿಕ ಸಾವಿರಾರು ಮಕ್ಕಳು ಸಮವಸ್ತ್ರದಲ್ಲೇ ಮೆರವಣಿಗೆ ಹೊರಟರು, ಪೊಲೀಸರು ಗುಂಡು ಹಾರಿಸಿದರು. 15 ವರ್ಷದ ಹೇಸ್ಟಿಂಗ್ಸ್ ನ್ಡ್ಲೊವು, 12 ವರ್ಷದ ಹೆಕ್ಟರ್ ಪೀಟರ್ಸನ್ ಮೊದಲು ಬಿದ್ದವರಲ್ಲಿ ಸೇರಿದ್ದಾರೆ. ಮುಂದಿನ ತಿಂಗಳುಗಳಲ್ಲಿ ದೇಶದುದ್ದಕ್ಕೂ ಸತ್ತವರ ಸಂಖ್ಯೆಯನ್ನು ಸರ್ಕಾರ 176 ಎಂದಿತು. 700ರ ವರೆಗೂ ಇರಬಹುದೆಂಬ ಅಂದಾಜುಗಳಿವೆ. ಆಫ್ರಿಕಾ ಖಂಡದ ದೇಶಗಳು 1991ರಿಂದ ಈ ದಿನವನ್ನು ಆಫ್ರಿಕಾದ ಮಕ್ಕಳ ದಿನವೆಂದು ಆಚರಿಸುತ್ತಿವೆ.

ನನ್ನನ್ನು ಕಾಡುತ್ತಿರುವುದು ಆಚರಣೆಯ ಕ್ರಮ. ನಮ್ಮ ಶಾಲೆಗಳಲ್ಲಿ ಯಾವ ದಿನಾಚರಣೆಯಾದರೂ ಪ್ರಾರ್ಥನೆ, ದೀಪ ಬೆಳಗಿಸುವುದು, ಸ್ವಾಗತ, ಅತಿಥಿಗಳ ಭಾಷಣ, ಅಧ್ಯಕ್ಷರ ಭಾಷಣ, ವಂದನಾರ್ಪಣೆ ಎಂದು ಸಾಗುತ್ತದೆ, ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ನಮ್ಮ ಓದಿನ ವಿಷಯವನ್ನು ನಮ್ಮನ್ನು ಕೇಳದೆ ತೀರ್ಮಾನಿಸಬೇಡಿ ಎಂದು ಹೇಳಲು ಹೊರಟ ಮಕ್ಕಳ ನೆನಪಿನ ದಿನವನ್ನೂ ಹಾಗೆಯೇ ಕಳೆದರೆ ಅವರಿಗೆ ನಾವು ಸಲ್ಲಿಸುವ ಗೌರವವಾದರೂ ಏನು?

ಸುರತ್ಕಲ್‌ನ ಒಬ್ಬ ಪೋಷಕ

ಟೀಚರ್, ನಿಮ್ಮ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೂ ಎಂಟನೇ ತರಗತಿಯ ಮಗಳಿರುವ ತಂದೆಯಾಗಿ ಒಂದು ಅಳುಕನ್ನು ಹೇಳಿಕೊಳ್ಳಬೇಕು. ಗುಂಡೇಟು ಬಿದ್ದ ಹನ್ನೆರಡು ವರ್ಷದ ಹೆಕ್ಟರ್‌ನನ್ನು ಎತ್ತಿಕೊಂಡು ಓಡುತ್ತಿರುವ ಆ ಛಾಯಾಚಿತ್ರವನ್ನು ನಾನು ನೋಡಿದ್ದೇನೆ. ಅಂಥ ಹಿಂಸೆಯನ್ನು ಮಕ್ಕಳ ಮುಂದೆ ಇಡುವುದು ಸರಿಯೇ? ಜೊತೆಗೆ, ನಮ್ಮ ಜಿಲ್ಲೆಯಲ್ಲಿ ಶಾಲಾ ಕಾಲೇಜು ಮಕ್ಕಳನ್ನು ಪ್ರತಿಭಟನೆಗಳಿಗೆ ಕರೆದೊಯ್ದು ಮುಂದಿನ ಸಾಲಿನಲ್ಲಿ ನಿಲ್ಲಿಸುವ ಹಿರಿಯರು ಎಲ್ಲ ಬಣದಲ್ಲೂ ಇದ್ದಾರೆ. ಹೋರಾಟವನ್ನು ಕೊಂಡಾಡುವಾಗ, ಮಕ್ಕಳನ್ನು ಬೀದಿಗಿಳಿಸುವವರಿಗೆ ನಾವೇ ಸಮರ್ಥನೆ ಒದಗಿಸಿಕೊಟ್ಟಂತೆ ಆಗಬಾರದು.

ಪುತ್ತೂರಿನ ನಿವೃತ್ತ ಮುಖ್ಯೋಪಾಧ್ಯಾಯ

ಸುರತ್ಕಲ್‌ನ ಮಿತ್ರರ ಅಳುಕನ್ನು ತಳ್ಳಿಹಾಕುವಂತಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸೊವೆಟೊದಲ್ಲಿ ಹಿರಿಯರು ಮಕ್ಕಳನ್ನು ಮುಂದೆ ಮಾಡಲಿಲ್ಲ. ಬಹಳಷ್ಟು ಮನೆಗಳಲ್ಲಿ ತಂದೆತಾಯಿಯರಿಗೆ ಆ ಬೆಳಿಗ್ಗೆ ಮೆರವಣಿಗೆ ಇದೆಯೆಂಬುದೂ ತಿಳಿದಿರಲಿಲ್ಲ. ಮಕ್ಕಳು ತಾವೇ ಚರ್ಚಿಸಿ, ತಾವೇ ಫಲಕಗಳನ್ನು ಬರೆದು, ಆರ್ಲ್ಯಾಂಡೊ ಕ್ರೀಡಾಂಗಣದಲ್ಲಿ ಸೇರಿ ತಮ್ಮ ಬೇಡಿಕೆಯನ್ನು ಹೇಳಿ ಮನೆಗೆ ಮರಳುವ ಯೋಜನೆ ಹಾಕಿಕೊಂಡಿದ್ದರು. ಹಿಂಸೆಯನ್ನು ಆರಂಭಿಸಿದ್ದು ಬಂದೂಕು ಹಿಡಿದವರು. ದೊಡ್ಡವರು ಹೇಳಿಕೊಟ್ಟ ಘೋಷಣೆಯನ್ನು ಕೂಗುವ ಮಗುವಿಗೂ ತನ್ನ ತರಗತಿಯ ತೊಂದರೆಯನ್ನು ತನ್ನ ಮಾತಿನಲ್ಲಿ ಹೇಳುವ ಮಗುವಿಗೂ ಇರುವ ಅಂತರವನ್ನು ಮಕ್ಕಳಿಗೆ ತಿಳಿಸಿಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಾಣುವುದಿಲ್ಲ.

ಛಾಯಾಚಿತ್ರದ ವಿಷಯದಲ್ಲಿ ವಯಸ್ಸು ನೋಡಿ ನಡೆದುಕೊಳ್ಳೋಣ. ಅದನ್ನು ತೆಗೆದವರು ಸ್ಯಾಮ್ ಎನ್ಜಿಮಾ. ಹೆಕ್ಟರ್‌ನನ್ನು ಎತ್ತಿಕೊಂಡವನು 18 ವರ್ಷದ ಎಂಬುಯಿಸಾ ಮಖುಬೊ, ಪಕ್ಕದಲ್ಲಿ ಅಳುತ್ತ ಓಡುತ್ತಿರುವವಳು ಹೆಕ್ಟರ್‌ನ ಅಕ್ಕ ಆಂಟನೆಟ್. ಆ ಚಿತ್ರದಿಂದಾಗಿಯೇ ಎಂಬುಯಿಸಾ ದೇಶ ಬಿಡಬೇಕಾಯಿತು. 1978ರಲ್ಲಿ ನೈಜೀರಿಯಾದಿಂದ ತಾಯಿಗೆ ಬಂದ ಪತ್ರದ ಬಳಿಕ ಅವನ ಸುದ್ದಿ ಇಲ್ಲ. ಗಾಯಗೊಂಡ ಅಪರಿಚಿತ ಹುಡುಗನನ್ನು ಎತ್ತಿಕೊಂಡವನ ಇಡೀ ಬದುಕು ಹೀಗೆ ಹೋಯಿತೆಂಬುದನ್ನು ಹತ್ತನೇ ತರಗತಿಯ ಮಕ್ಕಳಿಗೆ ಹೇಳಬಹುದು, ಹೇಳಬೇಕು.

ಮಂಗಳೂರಿನ ಪದವಿ ವಿದ್ಯಾರ್ಥಿನಿ

ನನಗೆ ಇದರಲ್ಲಿ ಎಲ್ಲಕ್ಕಿಂತ ಹತ್ತಿರವೆನಿಸಿದ್ದು ಭಾಷೆಯ ಪ್ರಶ್ನೆ. ನಮ್ಮ ಮನೆಯಲ್ಲಿ ತುಳು ಬಿಟ್ಟರೆ ಬೇರೆ ಮಾತಿರಲಿಲ್ಲ. ಒಂದನೇ ತರಗತಿಯಲ್ಲಿ ಟೀಚರ್ ಹೇಳಿದ್ದು ಅರ್ಥವಾಗದೆ, ಪಕ್ಕದ ಹುಡುಗಿ ಸ್ಲೇಟು ತೆಗೆದರೆ ನಾನೂ ಸ್ಲೇಟು ತೆಗೆಯುವುದು, ಅವಳು ಎದ್ದು ನಿಂತರೆ ನಾನೂ ನಿಲ್ಲುವುದು ಮಾಡುತ್ತಿದ್ದೆ. ಬ್ಯಾರಿ, ಕೊಂಕಣಿ ಮಾತನಾಡುವ ಮನೆಗಳಿಂದ ಬರುವ ಮಕ್ಕಳದ್ದೂ, ತಮ್ಮದೇ ಭಾಷೆಯಿರುವ ಕೊರಗ ಸಮುದಾಯದ ಮಕ್ಕಳದ್ದೂ ಇದೇ ಕಥೆ. ಮನೆಮಾತಿನಲ್ಲಿ ಕಲಿಯುವ ಹಕ್ಕಿಗಾಗಿ ನಡೆದ ಹೋರಾಟವೆಂದು ಸೊವೆಟೊವನ್ನು ನಾವು ನೆನೆಯಬಹುದಲ್ಲವೇ?

ಇನ್ನೊಂದು ಸಲಹೆ. ಜೂನ್ 29 ಕುದ್ಮುಲ್ ರಂಗರಾಯರ ಜನ್ಮದಿನ. ದಲಿತ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರು ಮಂಗಳೂರಿನಲ್ಲಿ ಆ ಮಕ್ಕಳಿಗಾಗಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು, ಅದಕ್ಕಾಗಿ ಸ್ವಂತ ಜಾತಿಯವರ ಬಹಿಷ್ಕಾರವನ್ನೂ ಎದುರಿಸಿದರು. ಪುರಭವನಕ್ಕೆ ಅವರ ಹೆಸರಿದೆ, ಆದರೆ ಅಲ್ಲಿಗೆ ನಾಟಕ ನೋಡಲು ಹೋಗುವ ನನ್ನ ಸಹಪಾಠಿಗಳಲ್ಲಿ ಹೆಚ್ಚಿನವರಿಗೆ ಅವರು ಯಾರೆಂದು ತಿಳಿಯದು. ಎರಡೂ ದಿನಗಳನ್ನು ಒಂದೇ ತಿಂಗಳಲ್ಲಿ ಆಚರಿಸಿದರೆ ಚೆನ್ನಾಗಿರುತ್ತದೆ.

ಪುತ್ತೂರಿನ ನಿವೃತ್ತ ಮುಖ್ಯೋಪಾಧ್ಯಾಯ

ಮಗಳೇ, ನಿಮ್ಮ ಸ್ಲೇಟಿನ ಮಾತು ಮನಸ್ಸಿಗೆ ತಟ್ಟಿತು. ನನ್ನ ತರಗತಿಗಳಲ್ಲೂ ಅಂಥ ಮಕ್ಕಳು ಪ್ರತಿ ವರ್ಷ ಬರುತ್ತಿದ್ದರು. ಆದರೂ ಸೊವೆಟೊವನ್ನು ಮನೆಮಾತಿನ ಹೋರಾಟವೆಂದು ಕರೆಯುವುದು ಇತಿಹಾಸಕ್ಕೆ ಒಪ್ಪುವುದಿಲ್ಲ. ಬಾಂಟು ಶಿಕ್ಷಣ ವ್ಯವಸ್ಥೆಯೇ ಪ್ರಾಥಮಿಕ ಹಂತದುದ್ದಕ್ಕೂ ಮಕ್ಕಳಿಗೆ ಮನೆಮಾತಿನಲ್ಲಿ ಪಾಠ ಹೇಳುತ್ತಿತ್ತು. ಅದರ ಹಿಂದೆ ಆ ಭಾಷೆಗಳ ಮೇಲಿನ ಪ್ರೀತಿ ಇರಲಿಲ್ಲ. ಪ್ರತಿ ಬುಡಕಟ್ಟನ್ನೂ ಬೇರೆಬೇರೆಯಾಗಿಟ್ಟು, ಇಂಗ್ಲಿಷಿನ ಮೂಲಕ ಸಿಗಬಹುದಾದ ಉದ್ಯೋಗ ಮತ್ತು ಉನ್ನತ ಶಿಕ್ಷಣದಿಂದ ಮಕ್ಕಳನ್ನು ದೂರವಿಡುವ ಉದ್ದೇಶವಿತ್ತು. 1976ರ ವಿದ್ಯಾರ್ಥಿಗಳು ಆಫ್ರಿಕಾನ್ಸ್ ಬೇಡವೆಂದರೇ ಹೊರತು ಇಂಗ್ಲಿಷ್ ಬೇಡವೆನ್ನಲಿಲ್ಲ. ಜುಲೈ ತಿಂಗಳಲ್ಲಿ ಸರ್ಕಾರ ಆ ಆದೇಶವನ್ನು ಹಿಂತೆಗೆದುಕೊಂಡ ಮೇಲೂ ಪ್ರತಿಭಟನೆ ನಿಲ್ಲಲಿಲ್ಲ, ಏಕೆಂದರೆ ಅವರ ತಕರಾರು ಇಡೀ ಬಾಂಟು ಶಿಕ್ಷಣದ ಮೇಲೆಯೇ ಇತ್ತು.

ಕನ್ನಡ ಮಾಧ್ಯಮದ ಪರವಾಗಿ ಜೀವಮಾನವಿಡೀ ವಾದಿಸಿದ ನಾನು ಇದನ್ನು ಹೇಳಲೇಬೇಕು. ಮನೆಮಾತಿನಲ್ಲಿ ಕಲಿತ ಮಗುವಿಗೆ ವಿಷಯ ಚೆನ್ನಾಗಿ ತಿಳಿಯುತ್ತದೆಂಬುದು ನಿಜ. ಅದೇ ಮಾಧ್ಯಮವನ್ನು ಬಡವರ ಮಕ್ಕಳಿಗೆ ಮಾತ್ರ ಮೀಸಲಿಟ್ಟು, ಕೊಠಡಿ ಸೋರುತ್ತಿದ್ದರೂ ಶಿಕ್ಷಕರಿಲ್ಲದಿದ್ದರೂ ನೋಡದೆ ಬಿಟ್ಟರೆ, ಮಕ್ಕಳು ಅದನ್ನು ಶಿಕ್ಷೆಯೆಂದೇ ತಿಳಿಯುತ್ತಾರೆ.

ಮಂಗಳೂರಿನ ವಕೀಲೆ

ಕಾನೂನಿನ ಮಟ್ಟಿಗೆ ಎರಡು ಮಾತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ ಕರ್ನಾಟಕದ ನೀತಿಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರಲ್ಲಿ ರದ್ದುಪಡಿಸಿತು. ಇನ್ನೊಂದೆಡೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಬೋಧನೆ ನಡೆಯಬೇಕೆನ್ನುತ್ತದೆ. ಮಾಧ್ಯಮ ನೀತಿಯ ಆ ಮೊಕದ್ದಮೆಯಲ್ಲಿ ಸರ್ಕಾರ, ಆಡಳಿತ ಮಂಡಳಿಗಳು, ಪೋಷಕರು ಎಲ್ಲರೂ ಮಾತನಾಡಿದರು, ಮಕ್ಕಳ ಪರವಾಗಿಯೂ ದೊಡ್ಡವರೇ ಮಾತನಾಡಿದರು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿದೆ. ತನಗೆ ಸಂಬಂಧಿಸಿದ ಯಾವುದೇ ವಿಷಯದಲ್ಲಿ ಅಭಿಪ್ರಾಯ ಹೇಳುವ, ಆ ಅಭಿಪ್ರಾಯಕ್ಕೆ ವಯಸ್ಸಿಗೆ ತಕ್ಕ ಮನ್ನಣೆ ಪಡೆಯುವ ಹಕ್ಕು ಮಗುವಿಗಿದೆಯೆಂದು ಅದರ 12ನೇ ವಿಧಿ ಹೇಳುತ್ತದೆ. ಆ ವಿಧಿಯನ್ನು ಬರೆಯುವುದಕ್ಕೆ ಹದಿಮೂರು ವರ್ಷ ಮೊದಲೇ ಸೊವೆಟೊದ ಮಕ್ಕಳು ಅದನ್ನು ಕೇಳಿದ್ದರು.

ಕುಂದಾಪುರದಿಂದ, ಹಿಂದೆ ಮಕ್ಕಳ ಪಂಚಾಯತ್ ಸದಸ್ಯೆ

ಎಲ್ಲರೂ ದೂರದ ಸೊವೆಟೊದ ಬಗ್ಗೆ ಮಾತನಾಡುತ್ತಿದ್ದೀರಿ. ಸಂತೋಷ. ನಮ್ಮ ಕುಂದಾಪುರದ ಬಗ್ಗೆಯೂ ಸ್ವಲ್ಪ ಕೇಳಿಸಿಕೊಳ್ಳಬೇಕೆಂದು ವಿನಂತಿ, ಏಕೆಂದರೆ ಮಕ್ಕಳ ಹಕ್ಕುಗಳ ಜಾಗತಿಕ ಚರಿತ್ರೆಯಲ್ಲಿ ಈ ಊರಿನ ಹೆಸರು ಇದೆ, ನಮ್ಮವರಿಗೇ ಅದು ಗೊತ್ತಿಲ್ಲ.

ದುಡಿಯುವ ಮಕ್ಕಳು ತಮ್ಮದೇ ಸಂಘಟನೆಯಾದ ಭೀಮ ಸಂಘವನ್ನು 1990ರಲ್ಲಿ ಕಟ್ಟಿದರು. ಅದರ ಬೆನ್ನಿಗೆ 1995ರ ಸುಮಾರಿಗೆ ಕೆರಾಡಿ ಮುಂತಾದ ಗ್ರಾಮಗಳಲ್ಲಿ, ಮಕ್ಕಳೇ ತಮ್ಮ ಪ್ರತಿನಿಧಿಗಳನ್ನು ಆರಿಸುವ ಮಕ್ಕಳ ಪಂಚಾಯತ್‌ಗಳು ಬಂದವು. ಆಗ ಉಡುಪಿ ಜಿಲ್ಲೆ ಇನ್ನೂ ಆಗಿರಲಿಲ್ಲ. 1996ರಲ್ಲಿ ದುಡಿಯುವ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಭೆ ಕುಂದಾಪುರದಲ್ಲೇ ನಡೆಯಿತು. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಮೂವತ್ತಕ್ಕೂ ಹೆಚ್ಚು ದೇಶಗಳಿಂದ ಬಂದ ಮಕ್ಕಳ ಪ್ರತಿನಿಧಿಗಳು ಕುಳಿತು ಹತ್ತು ಅಂಶಗಳ ಘೋಷಣೆಯನ್ನು ಒಪ್ಪಿಕೊಂಡರು. ನಮ್ಮ ಬಗ್ಗೆ ತೀರ್ಮಾನ ತೆಗೆದುಕೊಳ್ಳುವಾಗ ನಮ್ಮನ್ನು ಕೇಳಬೇಕು, ನಮ್ಮ ಬದುಕಿಗೆ ಹೊಂದುವ ರೀತಿಯ ಶಿಕ್ಷಣ ಬೇಕು, ನಮ್ಮನ್ನು ದುಡಿಮೆಗೆ ದೂಡುವ ಬಡತನದ ಮೂಲಕ್ಕೆ ಕೈಹಾಕಬೇಕು ಎಂಬ ಬೇಡಿಕೆಗಳು ಅದರಲ್ಲಿದ್ದವು. ಕುಂದಾಪುರ ಘೋಷಣೆ ಎಂದೇ ಅದಕ್ಕೆ ಹೆಸರು. ಘನತೆಯಿಂದ ದುಡಿಯುವ ಅವಕಾಶವನ್ನೂ ಆ ಮಕ್ಕಳು ಕೇಳಿದ್ದರು. ಬಾಲಕಾರ್ಮಿಕ ಪದ್ಧತಿಯನ್ನು ಪೂರ್ತಿಯಾಗಿ ನಿಲ್ಲಿಸಬೇಕೆನ್ನುವವರು ಅದನ್ನು ಒಪ್ಪುವುದಿಲ್ಲ. ನನ್ನ ಮಗ ಹದಿಮೂರಕ್ಕೆ ಕೆಲಸಕ್ಕೆ ಹೋಗುವುದನ್ನು ನಾನೂ ಒಪ್ಪಲಾರೆ. ಆದರೆ ಮನೆಯ ಪರಿಸ್ಥಿತಿಯನ್ನು ನೋಡದೆ ಮಗುವನ್ನು ಕೆಲಸದಿಂದ ಬಿಡಿಸಿದರೆ ಅದು ಇನ್ನೂ ಕಣ್ಣಿಗೆ ಬೀಳದ ಕೆಲಸಕ್ಕೆ ಹೋಗಿ ಸೇರುತ್ತದೆ ಎಂದು ಅವರು ಹೇಳಿದ್ದು ಅನುಭವದ ಮಾತು.

ನನ್ನ ಕಾಲದ ಮಕ್ಕಳ ಪಂಚಾಯತ್‌ನಲ್ಲಿ ನಾವು ಮೊದಲು ಎತ್ತಿಕೊಂಡದ್ದು ಕಾಲುಸಂಕದ ವಿಷಯ. ಬಯಲುಸೀಮೆಯ ಓದುಗರಿಗಾಗಿ ಹೇಳುತ್ತೇನೆ: ಎರಡು ಅಡಿಕೆ ಮರದ ಕಾಂಡಗಳನ್ನು ತೋಡಿನ ಅಡ್ಡಕ್ಕೆ ಹಾಕಿ, ಒಂದು ಬದಿಗೆ ಹಿಡಿದುಕೊಳ್ಳಲು ಬಿದಿರನ್ನೋ ಹಗ್ಗವನ್ನೋ ಕಟ್ಟಿರುತ್ತಾರೆ. ಬೇಸಿಗೆಯಲ್ಲಿ ಅದರ ಅಗತ್ಯವೇ ಇಲ್ಲ, ತೋಡಿಗಿಳಿದು ದಾಟಬಹುದು. ಜೂನ್ ಎರಡನೇ ವಾರದಲ್ಲಿ ನೀರು ಏರಿ ಮರ ಪಾಚಿಗಟ್ಟಿದ ಮೇಲೆ, ಒಂದು ಕೈಯಲ್ಲಿ ಕೊಡೆ, ಬೆನ್ನಿಗೆ ಚೀಲ, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದ ಏಳು ವರ್ಷದ ಮಗು ಅದನ್ನು ದಾಟಬೇಕು. ಚಪ್ಪಲಿ ಹಾಕಿಕೊಂಡರೆ ಜಾರುತ್ತದೆ, ಬಿಟ್ಟುಬಂದರೆ ಶಾಲೆಯಲ್ಲಿ ಕೇಳುತ್ತಾರೆ. ನಾವು ಮಕ್ಕಳೇ ವಾರ್ಡು ವಾರ್ಡು ತಿರುಗಿ ಎಲ್ಲೆಲ್ಲಿ ಸಂಕವಿದೆ, ಯಾವ ಮನೆಯ ಎಷ್ಟು ಮಕ್ಕಳು ದಾಟುತ್ತಾರೆ, ಎಷ್ಟು ದಿನ ಶಾಲೆ ತಪ್ಪುತ್ತದೆ ಎಂದು ಬರೆದುಕೊಂಡು ಬಂದೆವು. ನಾವು ತೋರಿಸಿದ ಕೆಲವು ಸಂಕಗಳು ದೊಡ್ಡವರ ಪಂಚಾಯತಿಯ ಪಟ್ಟಿಯಲ್ಲೇ ಇರಲಿಲ್ಲ, ಏಕೆಂದರೆ ಆ ದಾರಿಯಲ್ಲಿ ನಡೆಯುತ್ತಿದ್ದವರು ಮಕ್ಕಳು ಮತ್ತು ಸೊಪ್ಪು ತರುವ ಹೆಂಗಸರು ಮಾತ್ರ.

ಕೆಲವು ಕಡೆ ಕಾಂಕ್ರೀಟು ಸೇತುವೆ ಬಂತು, ಕೆಲವು ಕಡೆ ಬರಲಿಲ್ಲ. 2022ರ ಮಳೆಗಾಲದಲ್ಲಿ ಬೈಂದೂರು ಭಾಗದಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಆ ಸುದ್ದಿ ಓದಿದ ದಿನ ನಮ್ಮ ಹಳೆಯ ನಕ್ಷೆಗಳ ನೆನಪಾಗಿ ನನಗೆ ಊಟ ಸೇರಲಿಲ್ಲ.

ಮಕ್ಕಳ ಪಂಚಾಯತ್‌ಗಳ ಅನುಭವ ನಮ್ಮ ಊರಿಗಷ್ಟೇ ಉಳಿಯಲಿಲ್ಲ. ರಾಜ್ಯ ಸರ್ಕಾರ 2006ರಲ್ಲಿ ಪ್ರತಿ ಗ್ರಾಮ ಪಂಚಾಯತಿಯೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸುತ್ತೋಲೆ ಹೊರಡಿಸಿತು. ಈಗ ಹೆಚ್ಚಿನ ಕಡೆ ನವೆಂಬರ್ ಆಸುಪಾಸಿನಲ್ಲಿ ಸಭೆ ನಡೆಯುತ್ತದೆ. ಮಕ್ಕಳು ಎದ್ದು ನಿಂತು ಶೌಚಾಲಯ, ಬಸ್ಸು, ಬೀದಿನಾಯಿ, ಆಟದ ಮೈದಾನ ಎಂದು ಕೇಳುತ್ತಾರೆ, ಮೇಜಿನ ಹಿಂದೆ ಕುಳಿತವರು ಪರಿಶೀಲಿಸುತ್ತೇವೆ ಎನ್ನುತ್ತಾರೆ, ನಡಾವಳಿ ಪುಸ್ತಕದಲ್ಲಿ ಅದನ್ನು ಬರೆಯುತ್ತಾರೆ, ಬಿಸ್ಕತ್ತು ಹಂಚುತ್ತಾರೆ. ಮುಂದಿನ ವರ್ಷ ಅದೇ ಪ್ರಶ್ನೆಯನ್ನು ಬೇರೆ ಮಗು ಕೇಳುತ್ತದೆ, ಏಕೆಂದರೆ ಹಿಂದಿನ ವರ್ಷ ಕೇಳಿದ ಮಗು ಹತ್ತನೇ ತರಗತಿ ಮುಗಿಸಿ ಹೋಗಿರುತ್ತದೆ. ಹಿರಿಯರ ಗ್ರಾಮಸಭೆಯಲ್ಲಿ ಹಿಂದಿನ ಸಭೆಯ ನಡಾವಳಿ ಓದದೆ ಮುಂದೆ ಹೋದರೆ ಯಾರಾದರೂ ಎದ್ದು ತಡೆಯುತ್ತಾರೆ. ಮಕ್ಕಳ ಸಭೆಯಲ್ಲಿ ಅದನ್ನು ಓದಬೇಕೆಂಬ ಯೋಚನೆಯೇ ಯಾರಿಗೂ ಇಲ್ಲ.

ಆದ್ದರಿಂದ ಟೀಚರ್, ಜೂನ್ 16ರಂದು ನೀವು ಮಾಡಬಹುದಾದ ಅತ್ಯಂತ ಒಳ್ಳೆಯ ಕೆಲಸವೆಂದರೆ, ಕಳೆದ ನವೆಂಬರಿನ ಮಕ್ಕಳ ಗ್ರಾಮಸಭೆಯ ನಡಾವಳಿಯ ನಕಲನ್ನು ಪಂಚಾಯತಿಯಿಂದ ತರಿಸಿ, ಮಕ್ಕಳ ಕೈಯಲ್ಲೇ ಓದಿಸಿ, ಒಂದೊಂದು ಪ್ರಶ್ನೆಗೂ ಏನಾಯಿತೆಂದು ಅಭಿವೃದ್ಧಿ ಅಧಿಕಾರಿಯಿಂದ ಉತ್ತರ ಕೇಳುವುದು. ಮಳೆ ಹಿಡಿದಿರುವ ಹೊತ್ತಿನಲ್ಲಿ ಕೇಳಿದರೆ ಕಾಲುಸಂಕವನ್ನು ಕಣ್ಣಾರೆ ತೋರಿಸಲೂಬಹುದು.

ಕಾರ್ಕಳದ ಹಿರಿಯರೊಬ್ಬರು

ಕುಂದಾಪುರದ ತಂಗಿ ಬರೆದದ್ದನ್ನು ಓದಿ ನಾನೂ ಒಂದೆರಡು ಮಾತು ಸೇರಿಸಬೇಕೆನಿಸಿತು. ನಮ್ಮ ಕಾಲದಲ್ಲಿ ಐದನೆಯದೋ ಆರನೆಯದೋ ಮುಗಿಸಿ, ಊರಿನವರೊಬ್ಬರ ಜೊತೆ ಮುಂಬಯಿಯ ಬಸ್ಸು ಹತ್ತಿ ಹೋಟೆಲಿನ ಮಾಣಿಯಾದ ಹುಡುಗರು ಊರಿಗೆ ಹತ್ತಾರು ಮಂದಿ. ನಾನೂ ಅವರಲ್ಲಿ ಒಬ್ಬ. ಬೆಳಗಿನ ಜಾವ ಎದ್ದು ಟೇಬಲ್ ಒರೆಸಿ, ಗ್ಲಾಸು ತೊಳೆದು, ಸಂಜೆ ಎರಡು ತಾಸಿನ ಬಿಡುವು ಬೇಡಿಕೊಂಡು ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದೆವು. ಕೈಗೆ ಸೋಪಿನ ವಾಸನೆ, ಕಣ್ಣಿಗೆ ನಿದ್ದೆ. ಮಾಸ್ಟ್ರು ಬೈಯುತ್ತಿರಲಿಲ್ಲ, ನಿದ್ದೆ ಹೋದವನನ್ನು ಪಾಠ ಮುಗಿದ ಮೇಲೆ ಎಬ್ಬಿಸಿ ಮತ್ತೊಮ್ಮೆ ಹೇಳಿಕೊಡುತ್ತಿದ್ದರು. ಬಿಡುವು ಕೊಡದ ಧಣಿಗಳೂ ಇದ್ದರು, ಪರೀಕ್ಷೆಯ ದಿನ ತಾವೇ ಗಲ್ಲೆಯಿಂದೆದ್ದು ಹುಡುಗನ ಕೆಲಸಕ್ಕೆ ನಿಂತ ಧಣಿಗಳೂ ಇದ್ದರು. ಆ ಶಾಲೆಗಳಲ್ಲಿ ಓದಿದವರು ಮುಂದೆ ಬ್ಯಾಂಕು, ವಕೀಲಿಕೆ, ಉದ್ಯಮಗಳಲ್ಲಿ ಹೆಸರು ಮಾಡಿದರು.

ಇದನ್ನು ಸಾಧನೆಯ ಕಥೆಯೆಂದು ವೇದಿಕೆಗಳಲ್ಲಿ ಹೇಳುವುದನ್ನು ಬಹಳ ಸಲ ಕೇಳಿದ್ದೇನೆ. ನನ್ನ ಜೊತೆ ಹೋಗಿ, ಎರಡು ತಾಸು ಸಿಗದ ಕಾರಣಕ್ಕೆ ಓದು ಬಿಟ್ಟವರ ಸಂಖ್ಯೆ ಓದಿದವರಿಗಿಂತ ಹೆಚ್ಚು ಎಂಬುದನ್ನು ಆ ವೇದಿಕೆಗಳಲ್ಲಿ ಯಾರೂ ಹೇಳುವುದಿಲ್ಲ. ಊರಲ್ಲಿ ಉಳಿದ ಅಕ್ಕತಂಗಿಯರು ಬೀಡಿ ಕಟ್ಟಿ ಮನೆ ನಡೆಸಿದರು, ಅವರಿಗೆ ರಾತ್ರಿಶಾಲೆಯೂ ಇರಲಿಲ್ಲ. ಮಕ್ಕಳಿಗೆ ಹೋರಾಟದ ಕಥೆ ಹೇಳುವಾಗ ಈ ಹೆಣ್ಣುಮಕ್ಕಳನ್ನೂ ನೆನೆಯಬೇಕು.

ಮಂಗಳೂರು ಹೊರವಲಯದ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯ

ಹಿರಿಯರು ಹೇಳಿದ ಮಾತು ಮುಗಿದ ಕಾಲದ್ದಲ್ಲ. ನಮ್ಮ ಶಾಲೆಯ ಹತ್ತಿರ ಬಹುಮಹಡಿ ಕಟ್ಟಡಗಳ ಕೆಲಸ ನಡೆಯುತ್ತಿದೆ. ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ಬಂದ ಕುಟುಂಬಗಳು ತಗಡಿನ ಶೆಡ್ಡುಗಳಲ್ಲಿವೆ. ಅಲ್ಲಿ ಹತ್ತು ವರ್ಷದ ಅಕ್ಕ ಶೆಡ್ಡಿನಲ್ಲೇ ಉಳಿದು ಒಂದು ವರ್ಷದ ತಮ್ಮನನ್ನು ನೋಡಿಕೊಳ್ಳುತ್ತಾಳೆ. ಅವಳನ್ನು ಸೇರಿಸಲು ಹೋದಾಗ ಊರಿನ ಶಾಲೆಯ ಟಿಸಿ ಇಲ್ಲ, ಜನನ ಪತ್ರವಿಲ್ಲ, ವರ್ಷದ ನಡುವೆ ಆಗುವುದಿಲ್ಲ ಎಂಬ ಉತ್ತರ ಒಂದು ಕಡೆ ಸಿಕ್ಕಿತು. ವಕೀಲರು ದಯವಿಟ್ಟು ಇದಕ್ಕೆ ಕಾನೂನು ಏನು ಹೇಳುತ್ತದೆಂದು ತಿಳಿಸಬೇಕು.

ಮಂಗಳೂರಿನ ವಕೀಲೆ

ಅಂಥ ಉತ್ತರ ಕಾನೂನಿಗೆ ವಿರುದ್ಧ. 2002ರ ಸಂವಿಧಾನ ತಿದ್ದುಪಡಿಯ ಮೂಲಕ ಬಂದ 21-ಎ ವಿಧಿಯಂತೆ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕು. ಅದನ್ನು ಕಾರ್ಯರೂಪಕ್ಕೆ ತರುವ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಟಿಸಿ ಬರುವುದು ತಡವಾಯಿತೆಂದೂ ನಿರಾಕರಿಸುವಂತಿಲ್ಲ. ಇಷ್ಟು ದಿನ ಶಾಲೆಗೇ ಹೋಗಿರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯಿರಿ, ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಆದರೆ ಆ ಹುಡುಗಿ ಶಾಲೆಗೆ ಬರಬೇಕಾದರೆ ತಮ್ಮನಿಗೆ ಅಂಗನವಾಡಿಯೋ ಕೂಸಿನ ಮನೆಯೋ ಬೇಕು. ಅದನ್ನು ಯಾವ ಅರ್ಜಿಯಲ್ಲೂ ನಾವು ಬರೆಯುವುದಿಲ್ಲ. ಅವಳನ್ನೇ ಕೇಳಿದ್ದರೆ ಮೊದಲು ಅದನ್ನೇ ಹೇಳುತ್ತಿದ್ದಳು.

ಸುರತ್ಕಲ್‌ನ ಒಬ್ಬ ಪೋಷಕ

ಕಾಲುಸಂಕದ ನಕ್ಷೆಯ ಬಗ್ಗೆ ಓದಿದ ಮೇಲೆ ಮಗಳನ್ನು ಕೂರಿಸಿಕೊಂಡು, ನಿನ್ನ ಶಾಲೆಯಲ್ಲಿ ಏನು ಬದಲಾಗಬೇಕೆಂದು ಕೇಳಿದೆ. ಶೌಚಾಲಯದ ಚಿಲಕ ಮುರಿದು ಬಹಳ ದಿನವಾಗಿದೆ, ಅದಕ್ಕಾಗಿ ತಾನೂ ಗೆಳತಿಯರೂ ಮಧ್ಯಾಹ್ನದವರೆಗೆ ನೀರು ಕುಡಿಯುವುದಿಲ್ಲ ಎಂದಳು. ಎಷ್ಟೋ ಸಲ ಪೋಷಕರ ಸಭೆಗೆ ಹೋಗಿದ್ದರೂ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಮಕ್ಕಳನ್ನು ಬಳಸಿಕೊಳ್ಳುವವರ ಬಗ್ಗೆ ನನ್ನ ಅಳುಕು ಹಾಗೆಯೇ ಇದೆ. ಆದರೆ ನೀವು ಹೇಳುತ್ತಿರುವ ರೀತಿಯ ಸಭೆಗೆ ನನ್ನ ಬೆಂಬಲವಿದೆ. ಚಿಲಕದ ವಿಷಯವನ್ನು ಬರೆದು ಶಾಲೆಗೆ ಕೊಟ್ಟಿದ್ದೇನೆ, ಕೆಳಗೆ ಮಗಳೂ ಸಹಿ ಹಾಕಿದ್ದಾಳೆ.

ಉಡುಪಿಯ ಸಮಾಜ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಮಾತುಗಳನ್ನು ಸಹೋದ್ಯೋಗಿಗಳ ಮುಂದೆ ಇಟ್ಟೆ, ಅದಕ್ಕಿಂತ ಮುಖ್ಯವಾಗಿ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳ ಮುಂದೆಯೂ ಇಟ್ಟೆ. ಅವರು ತೀರ್ಮಾನಿಸಿದ್ದನ್ನು ತಿಳಿಸುತ್ತೇನೆ.

ಬೆಳಿಗ್ಗೆ ಮೊದಲ ಅವಧಿಯಲ್ಲಿ ಸೊವೆಟೊದ ಇತಿಹಾಸವನ್ನು ಹತ್ತನೇ ತರಗತಿಯ ಮಕ್ಕಳೇ ಹೇಳುತ್ತಾರೆ, ಛಾಯಾಚಿತ್ರವನ್ನು ಪ್ರೌಢ ತರಗತಿಗಳಿಗೆ ಮಾತ್ರ ತೋರಿಸಲಾಗುತ್ತದೆ. ಬಳಿಕ ಕಳೆದ ಮಕ್ಕಳ ಗ್ರಾಮಸಭೆಯ ನಡಾವಳಿಯನ್ನು ಓದುತ್ತಾರೆ. ನಕಲಿಗಾಗಿ ಅರ್ಜಿಯನ್ನು ಮಕ್ಕಳೇ ಬರೆದು ಪಂಚಾಯತಿಗೆ ಕೊಟ್ಟಿದ್ದಾರೆ. ಅಭಿವೃದ್ಧಿ ಅಧಿಕಾರಿಗಳು ಬರಲು ಒಪ್ಪಿದ್ದಾರೆ. ಅವರಿಗೆ ಭಾಷಣವಿಲ್ಲ, ಪ್ರಶ್ನೆಗಳಿಗೆ ಉತ್ತರಿಸುವುದು ಮಾತ್ರ ಎಂದು ಆಮಂತ್ರಣದಲ್ಲೇ ತಿಳಿಸಿದ್ದೇವೆ. ವೇದಿಕೆ ಹಾಕುವುದಿಲ್ಲ, ಎಲ್ಲರೂ ವೃತ್ತಾಕಾರವಾಗಿ ಚಾಪೆಯ ಮೇಲೆ ಕೂರುವುದು. ಎದ್ದು ಮಾತನಾಡಲು ಹೆದರುವವರು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಬಹುದು. ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ಕೇಳಿದರೂ ನಡೆಯುತ್ತದೆ. ಇದು ಏಳನೇ ತರಗತಿಯ ಹುಡುಗನೊಬ್ಬನ ಸಲಹೆ. ಜೂನ್ 29ರಂದು ಕುದ್ಮುಲ್ ರಂಗರಾಯರ ಬಗ್ಗೆ ಪ್ರಬಂಧ ಓದುವ ಜವಾಬ್ದಾರಿಯನ್ನು ಇಬ್ಬರು ಹುಡುಗಿಯರು ವಹಿಸಿಕೊಂಡಿದ್ದಾರೆ, ಮಂಗಳೂರಿನ ವಿದ್ಯಾರ್ಥಿನಿಯವರು ಅಂದು ಬಂದರೆ ಅವರಿಗೆ ಸಂತೋಷವಾಗುತ್ತದೆ.

ಶೆಡ್ಡಿನಲ್ಲಿರುವ ಹುಡುಗಿಯ ವಿಷಯ ಕೇಳಿದಾಗ, ನಮ್ಮ ಶಾಲೆಯ ಸುತ್ತ ಅಂಥವರು ಎಷ್ಟು ಮಂದಿ ಇದ್ದಾರೆಂದು ಮಕ್ಕಳೇ ಎಣಿಸಲು ಹೊರಟಿದ್ದಾರೆ. ಎಣಿಕೆ ಮುಗಿದ ಕೂಡಲೇ ಪಟ್ಟಿಯನ್ನು ಅಧಿಕಾರಿಗಳ ಕೈಗೆ ಕೊಡುತ್ತೇವೆ. ರೆಡ್ ಅಲರ್ಟ್ ಎಂದು ಅಂದು ರಜೆ ಘೋಷಣೆಯಾದರೆ ಸಭೆ ಮರುದಿನ ನಡೆಯುತ್ತದೆ. ಅಧಿಕಾರಿಗಳಿಗೂ ಆ ದಿನವನ್ನು ಬಿಡುವಾಗಿ ಇಟ್ಟುಕೊಳ್ಳಬೇಕೆಂದು ಹೇಳಿದ್ದೇವೆ.